ಬೊಂಬೆ ಮೊದಲು, ಲಕ್ಷಣ ಅನಂತರ: ಮೇಜಿನಾಟದ ವಿಕಟಪ್ರಾಣಿಗಳನ್ನು ಕುರಿತು ಒಂದು ಚಾರಿತ್ರಿಕ ವಿಚಾರ

೧

ಪ್ರತಿಮಾಶಾಸ್ತ್ರವನ್ನು ಅಭ್ಯಾಸಮಾಡಲು ತೊಡಗುವ ವಿದ್ಯಾರ್ಥಿಗೆ ಮೊಟ್ಟಮೊದಲು ತಿಳಿಯಬರುವ ಸಂಗತಿಯೆಂದರೆ, ಲಕ್ಷಣವು ಮೊದಲು, ವಿಗ್ರಹವು ಅನಂತರ ಎಂಬುದು. ದೇವತೆಗೆ ಎಷ್ಟು ಕೈಗಳು, ಯಾವ ಯಾವ ಆಯುಧಗಳು, ವಾಹನ ಯಾವುದು ಎಂಬುದನ್ನು ಧ್ಯಾನಶ್ಲೋಕವು ವಿಧಿಸುತ್ತದೆ. ಶಿಲ್ಪಿಯು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿಯನ್ನು ಹಿಡಿಯುತ್ತಾನೆ. ಈ ಕ್ರಮವು ತಲೆಕೆಳಗಾಗಿ, ರೂಪವು ಮೊದಲು ದೊರೆತು, ಅದಕ್ಕೆ ತಕ್ಕ ಲಕ್ಷಣವನ್ನು ಅನಂತರ ಬರೆದ ಸಂದರ್ಭಗಳೂ ಮನುಷ್ಯನ ಕಲ್ಪನಾವ್ಯಾಪಾರದಲ್ಲಿ ಉಂಟು. ಅಂತಹ ಸಂದರ್ಭಗಳು ಚರಿತ್ರಕಾರನಿಗೆ ವಿಶೇಷವಾಗಿ ಉಪಯುಕ್ತವಾದವು. ಏಕೆಂದರೆ, ಒಂದು ಕಲ್ಪನೆಯು ಯಾವ ಸಾಮಗ್ರಿಯಿಂದ ಹುಟ್ಟಿತೆಂಬುದು ಅಲ್ಲಿ ಕಣ್ಣಿಗೆ ಕಾಣುವಂತಿರುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೦ರ ದಶಕದಲ್ಲಿ ರೂಪುಗೊಂಡ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದಲ್ಲಿ ಇಂತಹುದೊಂದು ನಿದರ್ಶನವು ನಮಗೆ ದೊರೆಯುತ್ತದೆ. ಅದರ ಹೆಸರಾಂತ ವಿಕಟಪ್ರಾಣಿಗಳಲ್ಲಿ ಕೆಲವು ಪುರಾಣದಿಂದ ಬಂದವಲ್ಲ, ಕಾವ್ಯದಿಂದ ಬಂದವೂ ಅಲ್ಲ. ಅಗ್ಗದ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಬೊಂಬೆಗಳಿಂದ ಬಂದವು. ಬೊಂಬೆಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಅದರ ಆಕಾರವನ್ನು ನೋಡಿ ನೋಡಿ, ಅದರ ಬಲಾಬಲಗಳನ್ನು ಅಂಕಿಗಳಲ್ಲಿ ಗೊತ್ತುಮಾಡಲಾಯಿತು. ಈ ಪದ್ಧತಿಯು ಹೇಗೆ ಹುಟ್ಟಿತು, ಅದಕ್ಕೆ ಆಧಾರಗಳೇನು, ಅದು ನಮಗೆ ಏನನ್ನು ಕಲಿಸುತ್ತದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ಆಟವೆಂದ ಮಾತ್ರಕ್ಕೆ ವಿಷಯವು ಹಗುರವಾದುದೆಂದು ಎಣಿಸಲಾಗದು. ಹೆಸರಿಲ್ಲದ ಕೆಲಸಗಾರರು ಮಾಡಿದ ವಸ್ತುವೊಂದು ಹೆಸರುಳ್ಳವರ ಗ್ರಂಥದೊಳಕ್ಕೆ ಹೇಗೆ ಪ್ರವೇಶಿಸುತ್ತದೆ, ಪ್ರವೇಶಿಸಿದ ಮೇಲೆ ಅದರ ಹುಟ್ಟಿನ ಗುರುತು ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯು ಇಲ್ಲಿ ಅಡಗಿದೆ.

೨

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ಒಂದೆರಡು ಮಾತುಗಳನ್ನು ಹೇಳಬೇಕು. ಆಟಗಾರರಲ್ಲಿ ಒಬ್ಬೊಬ್ಬರೂ ಒಬ್ಬ ಯೋಧನ, ಮಾಂತ್ರಿಕನ ಅಥವಾ ಅಂತಹ ಮತ್ತೊಬ್ಬನ ಪಾತ್ರವನ್ನು ವಹಿಸುತ್ತಾರೆ. ಅವರ ನಡುವೆ ಒಬ್ಬನು ಸೂತ್ರಧಾರನಾಗಿ ಕುಳಿತು, ಅವರು ಹೋಗುವ ಗವಿಗಳನ್ನೂ ಕೋಟೆಗಳನ್ನೂ ವರ್ಣಿಸುತ್ತಾನೆ. ಅಲ್ಲಿ ಎದುರಾಗುವ ಪ್ರಾಣಿಗಳ ಪರವಾಗಿ ತಾನೇ ಆಡುತ್ತಾನೆ. ಹೊಡೆತವು ತಗುಲಿತೋ ಇಲ್ಲವೋ, ತಗುಲಿದರೆ ಎಷ್ಟು ಹಾನಿಯಾಯಿತು ಎಂಬುದನ್ನು ದಾಳಗಳು ನಿರ್ಣಯಿಸುತ್ತವೆ. ಎಲ್ಲಿ ಯಾರು ನಿಂತಿದ್ದಾರೆಂಬುದನ್ನು ತೋರಿಸಲು ಮೇಜಿನ ಮೇಲೆ ಸಣ್ಣ ಬೊಂಬೆಗಳನ್ನು ಇಡುವುದುಂಟು.

ಪ್ರತಿಯೊಂದು ಪ್ರಾಣಿಗೂ ಕೆಲವು ಅಂಕಿಗಳಿರುತ್ತವೆ. ಇವನ್ನು ನಾವು ಲಕ್ಷಣಾಂಕಗಳೆಂದು ಕರೆಯಬಹುದು. ಅವುಗಳಲ್ಲಿ ಮುಖ್ಯವಾದವು ನಾಲ್ಕು. ಮೊದಲನೆಯದು ಕವಚದ ದರ್ಜೆ: ೧೯೭೦ರ ದಶಕದ ನಿಯಮಗಳಲ್ಲಿ ಈ ಅಂಕಿಯು ಕಡಮೆಯಾದಷ್ಟೂ ಪ್ರಾಣಿಯನ್ನು ಹೊಡೆಯುವುದು ಕಷ್ಟ, ಉಕ್ಕಿನ ಪೂರ್ಣಕವಚವನ್ನು ತೊಟ್ಟು ಗುರಾಣಿ ಹಿಡಿದವನ ದರ್ಜೆ ೨. ಎರಡನೆಯದು ಪ್ರಾಣದಾಳಗಳು: ಎಷ್ಟು ದಾಳಗಳನ್ನು ಉರುಳಿಸಿ ಅದರ ಪ್ರಾಣಬಲವನ್ನು ನಿಷ್ಕರ್ಷಿಸಬೇಕು ಎಂಬ ಲೆಕ್ಕ. ಮೂರನೆಯದು ನಡೆಯ ವೇಗ. ಇದನ್ನು ಅಂಗುಲಗಳಲ್ಲಿ ಹೇಳುತ್ತಿದ್ದರು. ನಾಲ್ಕನೆಯದು ಹೊಡೆತಗಳ ಸಂಖ್ಯೆ ಮತ್ತು ಅವು ಮಾಡುವ ಹಾನಿ. ಮುಂದಿನ ವಿಚಾರವೆಲ್ಲವೂ ಈ ನಾಲ್ಕನ್ನು ಅವಲಂಬಿಸಿದೆ.

೩

ಬೊಂಬೆಗೂ ಅಂಕಿಗೂ ಇರುವ ಸಂಬಂಧವು ಈ ಆಟಕ್ಕಿಂತ ಬಹಳ ಹಳೆಯದು. ಭಾರತದ ಚತುರಂಗದಲ್ಲಿ ಕಾಯಿಗೆ ನಡೆಯನ್ನು ಕೊಡುವುದು ನಿಯಮವೇ ಹೊರತು ಕಾಯಿಯ ಆಕಾರವಲ್ಲ. ಈ ಆಟವು ಪರ್ಷಿಯ ಮತ್ತು ಅರಬ್ ದೇಶಗಳ ಮೂಲಕ ಯೂರೋಪಿಗೆ ಹೋದಾಗ ‘ಅಲ್‌ಫಿಲ್’, ಎಂದರೆ ಆನೆ, ಎಂಬ ಕಾಯಿಯು ಎರಡು ಮೊನೆಗಳುಳ್ಳ ಒಂದು ಸರಳವಾದ ಆಕಾರವನ್ನು ತಾಳಿತ್ತು. ಆ ಮೊನೆಗಳು ದಂತಗಳ ಸಂಕೇತವೆಂಬುದನ್ನು ಅರಿಯದ ಜನರು ಅವನ್ನು ಕ್ರೈಸ್ತ ಧರ್ಮಾಧಿಕಾರಿಯ ಟೋಪಿಯೆಂದು ಭಾವಿಸಿದರು. ಇಂಗ್ಲಿಷಿನಲ್ಲಿ ಆ ಕಾಯಿಯು ಬಿಷಪ್ ಆಯಿತು. ಇಲ್ಲಿ ಆಕಾರವು ಹೆಸರನ್ನು ಬದಲಾಯಿಸಿತು, ಬಲವನ್ನು ಬದಲಾಯಿಸಲಿಲ್ಲ. ಆ ಕಾಯಿಯ ನಡೆಯು ಹದಿನೈದನೆಯ ಶತಮಾನದ ಕೊನೆಯಲ್ಲಿ ಬೇರೆಯಾದುದು ನಿಯಮದ ಸುಧಾರಣೆಯಿಂದ, ಟೋಪಿಯಿಂದಲ್ಲ.

ಯುದ್ಧದ ಆಟಗಳಲ್ಲಿ ಸಂಬಂಧವು ಬೇರೆ ತೆರನಾಯಿತು. ಜರ್ಮನಿಯ ಬ್ರೌನ್‌ಷ್ವೈಗಿನಲ್ಲಿ ಹೆಲ್ವಿಗ್ ಎಂಬಾತನು ೧೭೮೦ರಲ್ಲಿ ಚದುರಂಗವನ್ನು ವಿಸ್ತರಿಸಿ ಒಂದು ಯುದ್ಧಕ್ರೀಡೆಯನ್ನು ರಚಿಸಿದನು. ಪ್ರಷ್ಯದ ರೈಸ್‌ವಿಟ್ಸ್ ಮನೆತನದ ತಂದೆಯು ೧೮೧೨ರಲ್ಲಿ ಅರಸನಿಗೆ ಇಂತಹುದೊಂದು ಆಟವನ್ನು ಒಪ್ಪಿಸಿದನು. ಮಗನು ೧೮೨೪ರಲ್ಲಿ ಅದರ ಪರಿಷ್ಕೃತ ನಿಯಮಗಳನ್ನು ಪ್ರಕಟಿಸಿದನು. ಅವನ ನಕ್ಷೆಯ ಪ್ರಮಾಣ ೧ಕ್ಕೆ ೮೦೦೦. ತುಕಡಿಯನ್ನು ಸೂಚಿಸುವ ಬಿಲ್ಲೆಯ ಉದ್ದವು, ನಿಜವಾದ ತುಕಡಿಯು ರಣರಂಗದಲ್ಲಿ ಎಷ್ಟು ಅಗಲಕ್ಕೆ ನಿಲ್ಲುತ್ತದೆಯೋ ಅದಕ್ಕೆ ಅನುಗುಣವಾಗಿತ್ತು. ಇಲ್ಲಿ ಕಾಯಿಯೂ ಅಂಕಿಯೂ ಎರಡೂ ನಿಜವಾದ ಸೈನ್ಯವೆಂಬ ಮೂರನೆಯ ವಸ್ತುವಿನಿಂದ ಬಂದವು. ಅಮೆರಿಕದ ಫ್ಲೆಚರ್ ಪ್ರಾಟ್ ರಚಿಸಿದ ನೌಕಾಯುದ್ಧದ ಆಟದಲ್ಲಿಯೂ ಇದೇ ತತ್ತ್ವವಿದೆ: ನೌಕೆಯ ಫಿರಂಗಿಗಳ ಗಾತ್ರ, ಕವಚದ ದಪ್ಪ, ವೇಗ ಮುಂತಾದುವನ್ನು ಒಂದು ಸೂತ್ರದಲ್ಲಿ ಸೇರಿಸಿ ಅದರ ಬಲವನ್ನು ಗುಣಿಸುತ್ತಿದ್ದರು. ಅಂಕಿಯು ತಪ್ಪೆಂದು ಯಾರಾದರೂ ಆಕ್ಷೇಪಿಸಿದರೆ ನೌಕೆಗಳ ವಿವರಗಳುಳ್ಳ ಕೈಪಿಡಿಯನ್ನು ತೆರೆದು ತೋರಿಸಬಹುದಾಗಿತ್ತು.

ಇವೆರಡಕ್ಕೂ ಭಿನ್ನವಾದ ಒಂದು ದಾರಿಯನ್ನು ತೋರಿಸಿದವನು ಎಚ್. ಜಿ. ವೆಲ್ಸ್. ಆತನು ೧೯೧೩ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ, ತನ್ನ ಆಟವು ಸಾಧ್ಯವಾದುದು ಸ್ಪ್ರಿಂಗಿನಿಂದ ಗುಂಡು ಹಾರಿಸುವ ಒಂದು ಆಟದ ಫಿರಂಗಿಯು ಬಂದುದರಿಂದ ಎಂದು ಹೇಳಿಕೊಂಡಿದ್ದಾನೆ. ಆ ಫಿರಂಗಿಯು ನಿಜವಾಗಿಯೂ ಬೊಂಬೆಯ ಸಿಪಾಯಿಯನ್ನು ಕೆಡವಬಲ್ಲದಾಗಿತ್ತು. ನಿಯಮಗಳು ಅದರ ಸುತ್ತ ಬೆಳೆದವು. ಬೊಂಬೆಯಿಂದ ನಿಯಮಕ್ಕೆ ಹೋಗುವ ದಾರಿಯು ಹೀಗೆ ಮೊದಲಾಯಿತೆಂದು ಹೇಳಬಹುದು.

೪

ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವನ ಗೆಳೆಯರು ಮರಳ ಮೇಜಿನ ಮೇಲೆ ಮಧ್ಯಯುಗದ ಯುದ್ಧಗಳನ್ನು ಆಡುತ್ತಿದ್ದರು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ರಚಿಸಿದ ‘ಚೈನ್‌ಮೇಲ್’ ಎಂಬ ನಿಯಮಾವಳಿಯು ೧೯೭೧ರಲ್ಲಿ ಅಚ್ಚಾಯಿತು. ಅದರ ಕೊನೆಯಲ್ಲಿ ಅದ್ಭುತಪ್ರಾಣಿಗಳಿಗೂ ಮಾಂತ್ರಿಕರಿಗೂ ಮೀಸಲಾದ ಒಂದು ಅನುಬಂಧವಿತ್ತು. ಅಲ್ಲಿ ವೀರನೊಬ್ಬನು ನಾಲ್ಕು ಜನರಿಗೆ ಸಮ, ಮಹಾವೀರನು ಎಂಟು ಜನರಿಗೆ ಸಮ ಎಂಬ ರೀತಿಯ ಲೆಕ್ಕವನ್ನು ಕಾಣುತ್ತೇವೆ. ಎಂದರೆ, ಅದ್ಭುತವಾದುದನ್ನು ಅಳೆಯುವುದಕ್ಕೆ ಸಾಮಾನ್ಯ ಸಿಪಾಯಿಯೇ ಅಳತೆಗೋಲು.

ಇದೇ ಕಾಲದಲ್ಲಿ ಮಿನೆಸೋಟದಲ್ಲಿ ಮತ್ತೊಂದು ಗುಂಪು ಕೆಲಸಮಾಡುತ್ತಿತ್ತು. ಡೇವಿಡ್ ವೆಸ್ಲಿ ಎಂಬಾತನು ೧೯೬೯ರಲ್ಲಿ, ಆಟಗಾರರಿಗೆ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಹಂಚಿ, ಮಧ್ಯಸ್ಥನೊಬ್ಬನ ತೀರ್ಪಿನಂತೆ ನಡೆಯುವ ಆಟವೊಂದನ್ನು ಏರ್ಪಡಿಸಿದನು. ಆ ಗುಂಪಿನ ಡೇವ್ ಆರ್ನೆಸನ್ ೧೯೭೧ರಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ಸೀಮೆಯಲ್ಲಿ ಈ ಕ್ರಮವನ್ನು ಬೆಳೆಸಿದನು. ಕವಚದ ದರ್ಜೆ ಮತ್ತು ಪ್ರಾಣಬಲದ ಎಣಿಕೆಯನ್ನು ತಾನು ಉಕ್ಕುಕವಚದ ನೌಕೆಗಳ ಯುದ್ಧನಿಯಮಗಳಿಂದ ತೆಗೆದುಕೊಂಡೆನೆಂದು ಆರ್ನೆಸನ್ ಹೇಳಿದ್ದುಂಟು. ನೌಕೆಯನ್ನು ಅಳೆಯುತ್ತಿದ್ದ ಕೋಲು ಹೀಗೆ ಪ್ರಾಣಿಯನ್ನು ಅಳೆಯಲು ಬಂದಿತು. ಆದರೆ ನೌಕೆಗೆ ಕೈಪಿಡಿಯಿತ್ತು. ಎಂದೂ ಇಲ್ಲದ ಪ್ರಾಣಿಗೆ ಕೈಪಿಡಿ ಎಲ್ಲಿಂದ ಬರಬೇಕು? ಕಣ್ಣಮುಂದೆ ಇದ್ದುದು ಬೊಂಬೆಯೊಂದೇ.

ಬೊಂಬೆಗಳ ಅಭಾವವು ಈ ಸಂದರ್ಭದಲ್ಲಿ ಮುಖ್ಯವಾದ ಕಾರಣವಾಯಿತು. ಮಧ್ಯಯುಗದ ಸಿಪಾಯಿಗಳ ಬೊಂಬೆಗಳು ಪೇಟೆಯಲ್ಲಿ ದೊರೆಯುತ್ತಿದ್ದವು. ಜರ್ಮನಿಯ ಹೌಸರ್ ಕಾರ್ಖಾನೆಯ ‘ಎಲಾಸ್ಟೊಲಿನ್’ ಬೊಂಬೆಗಳು ಲೇಕ್ ಜಿನೀವದ ಮೇಜಿನ ಮೇಲೂ ಇದ್ದವು. ಘಟಸರ್ಪಗಳೂ ದೈತ್ಯರೂ ಬೇಕಾದಾಗ ಇದ್ದುದರಲ್ಲಿಯೇ ಹೊಂದಿಸಿಕೊಳ್ಳಬೇಕಾಗಿತ್ತು. ಸ್ಟೆಗೊಸಾರಸ್ ಎಂಬ ಪ್ರಾಚೀನ ಸರೀಸೃಪದ ಪ್ಲಾಸ್ಟಿಕ್ ಆಟಿಕೆಯನ್ನು ಮಾರ್ಪಡಿಸಿ ತಾನು ಡ್ರ್ಯಾಗನ್ ಮಾಡಿಕೊಂಡುದನ್ನು ಗೈಗ್ಯಾಕ್ಸ್ ಮುಂದೆ ನೆನಪಿಸಿಕೊಂಡಿದ್ದಾನೆ.

ಅಳತೆಯ ವ್ಯತ್ಯಾಸವೇ ಹೇಗೆ ಲಕ್ಷಣವಾಗಿ ಮಾರ್ಪಡುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಆಮೇಲೆ ರೂಢಿಗೆ ಬಂದ ಪ್ರಮಾಣದಂತೆ ೨೫ ಮಿಲಿಮೀಟರಿನ ಬೊಂಬೆಯು ಆರು ಅಡಿಯ ಮನುಷ್ಯನಿಗೆ ಸಮವೆಂದು ಇಟ್ಟುಕೊಳ್ಳೋಣ. ಆಗ ೪೦ ಮಿಲಿಮೀಟರಿನ ಬೊಂಬೆಯ ಎತ್ತರವು ಒಂಬತ್ತೂವರೆ ಅಡಿಗೆ ಸ್ವಲ್ಪ ಮಿಗುತ್ತದೆ. ೫೪ ಮಿಲಿಮೀಟರಿನದು ಸುಮಾರು ೧೩ ಅಡಿಯಾಗುತ್ತದೆ. ೧೯೭೭ರಲ್ಲಿ ಪ್ರಕಟವಾದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಪ್ರಾಣಿಕೋಶದಲ್ಲಿ ಓಗರ್ ಎಂಬ ನರಭಕ್ಷಕನ ಎತ್ತರ ಒಂಬತ್ತು ಅಡಿಗೆ ಮೇಲೆ. ಶಿಲಾದೈತ್ಯನದು ೧೨ ಅಡಿ. ಒಂದು ಪ್ರಮಾಣದಲ್ಲಿ ಸಾಧಾರಣ ಸಿಪಾಯಿಯಾದವನು ಮತ್ತೊಂದು ಪ್ರಮಾಣದ ಬೊಂಬೆಗಳ ನಡುವೆ ನಿಂತ ಮಾತ್ರಕ್ಕೆ ರಾಕ್ಷಸನಾದನು. ಬೊಂಬೆಗೆ ಬಣ್ಣವನ್ನು ಸಹ ಬದಲಾಯಿಸಬೇಕಾಗಿಲ್ಲ. ಅಂಕಿಗಳನ್ನು ಬದಲಾಯಿಸಿದರೆ ಸಾಕು.

೫

ಆರ್ನೆಸನ್ ಮತ್ತು ಗೈಗ್ಯಾಕ್ಸರ ಹೆಸರಿನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ೧೯೭೪ರಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ಪುಸ್ತಿಕೆಗಳಾಗಿ ಪ್ರಕಟವಾಯಿತು. ಮೊದಲ ಮುದ್ರಣದ ಪ್ರತಿಗಳು ೧೦೦೦. ಬೊಂಬೆಗಳು ಇದ್ದರೆ ಅಂದ, ಇಲ್ಲದಿದ್ದರೂ ಆಟಕ್ಕೆ ಭಂಗವಿಲ್ಲ ಎಂಬುದು ಪುಸ್ತಿಕೆಯ ಅಭಿಪ್ರಾಯ. ಆದರೂ ಮರುವರ್ಷ, ೧೯೭೫ರಲ್ಲಿ, ಬಂದ ‘ಗ್ರೇಹಾಕ್’ ಎಂಬ ಪೂರಕ ಪುಸ್ತಿಕೆಯಲ್ಲಿ ಬೊಂಬೆಗಳಿಂದ ಹುಟ್ಟಿದ ಎರಡು ಪ್ರಾಣಿಗಳು ಕಾಣಿಸಿಕೊಂಡವು: ರಸ್ಟ್ ಮಾನ್‌ಸ್ಟರ್, ಎಂದರೆ ತುಕ್ಕುಪ್ರಾಣಿ, ಮತ್ತು ಔಲ್‌ಬೇರ್, ಎಂದರೆ ಗೂಬೆಕರಡಿ. ಮೂರನೆಯದಾದ ಬುಲೇ ಎಂಬ ಪ್ರಾಣಿಯನ್ನು ಟಿಮ್ ಕ್ಯಾಸ್ಕ್ ಎಂಬಾತನು ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ೧೯೭೬ರ ಜೂನಿನಲ್ಲಿ, ಪ್ರಕಟಿಸಿದನು. ಈ ಮೂರರ ಮೂಲವೂ ಹಾಂಗ್‌ಕಾಂಗಿನಲ್ಲಿ ತಯಾರಾದ ಪ್ಲಾಸ್ಟಿಕ್ ಪ್ರಾಣಿಗಳು. ಪ್ರಾಗೈತಿಹಾಸಿಕ ಪ್ರಾಣಿಗಳೆಂಬ ಹೆಸರಿನಲ್ಲಿ, ಚೀಲವೊಂದರಲ್ಲಿ ಹಲವನ್ನು ತುಂಬಿ, ಅಗ್ಗದ ಸಾಮಾನುಗಳ ಅಂಗಡಿಯಲ್ಲಿ ಅವನ್ನು ಮಾರುತ್ತಿದ್ದರು. ಹೆಸರು ಏನೇ ಇರಲಿ, ಅವುಗಳಲ್ಲಿ ಕೆಲವು ಯಾವ ಭೂಸ್ತರದಲ್ಲಿಯೂ ಎಂದೂ ಇದ್ದವಲ್ಲ.

ಈ ಬೊಂಬೆಗಳು ಅಮೆರಿಕದ ಸಣ್ಣ ಊರಿನ ಅಂಗಡಿಯನ್ನು ಸೇರಿದುದಕ್ಕೆ ದೊಡ್ಡ ಕಾರಣಗಳಿವೆ. ೧೯೪೯ರ ಆಸುಪಾಸಿನಲ್ಲಿ ಚೀನದ ಒಳನಾಡಿನಿಂದ ಬಂಡವಾಳವೂ ನಿರಾಶ್ರಿತರಾದ ಕೆಲಸಗಾರರೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗಿಗೆ ಬಂದು ಸೇರಿದರು. ಕೊರಿಯದ ಯುದ್ಧದ ನಿಮಿತ್ತ ೧೯೫೧ರಲ್ಲಿ ಚೀನದೊಡನೆ ವ್ಯಾಪಾರಕ್ಕೆ ನಿರ್ಬಂಧವುಂಟಾಯಿತು. ಸರಕು ಸಾಗಿಸಿ ಬದುಕುತ್ತಿದ್ದ ಬಂದರು ಸರಕು ತಯಾರಿಸಿ ಬದುಕಬೇಕಾಯಿತು. ಪ್ಲಾಸ್ಟಿಕ್ ಆಟಿಕೆಗಳು ಆ ಹೊಸ ಕೈಗಾರಿಕೆಯ ಮುಖ್ಯ ಅಂಗಗಳಲ್ಲೊಂದು. ಅಚ್ಚನ್ನು ಕೊರೆದವರು ಯಾರು, ಬಾಲಕ್ಕೆ ಈ ತಿರುವನ್ನೂ ತಲೆಗೆ ಈ ಮೀಸೆಗಳನ್ನೂ ಇಟ್ಟವರು ಯಾರು ಎಂಬುದು ಬೊಂಬೆಯ ಮೇಲೆ ಬರೆದಿರಲಿಲ್ಲ. ಊರಿನ ಹೆಸರೊಂದೇ ಗುರುತು.

ಈಗ ಲಕ್ಷಣಾಂಕಗಳನ್ನು ಪರಿಶೀಲಿಸೋಣ. ನಾವು ಕೊಡುವ ಅಂಕಿಗಳು ೧೯೭೭ರ ಪ್ರಾಣಿಕೋಶದವು.

ತುಕ್ಕುಪ್ರಾಣಿಯ ಬೊಂಬೆಯು ಗೈಗ್ಯಾಕ್ಸನ ಕಣ್ಣಿಗೆ ಬಾಲದಲ್ಲಿ ಪ್ರೊಪೆಲರ್ ಉಳ್ಳ ಸಿಗಡಿಯಂತೆ ಕಂಡಿತು. ಅದನ್ನು ನೋಡಿದರೆ ಭಯಂಕರವಾದುದು ಯಾವುದೂ ಹೊಳೆಯಲಿಲ್ಲವೆಂದು ಅವನೇ ಹೇಳಿದ್ದಾನೆ. ಆಕಾರದಲ್ಲಿ ಭೀಕರತೆಯಿಲ್ಲದ ಪ್ರಾಣಿಗೆ ಭೀಕರವಾದ ಹೊಡೆತವನ್ನು ಕೊಡುವುದು ಉಚಿತವಲ್ಲ. ಅಂಕಿಗಳು ಈ ವಿಚಾರವನ್ನೇ ಸಾರುತ್ತವೆ: ಕವಚದ ದರ್ಜೆ ೨, ಪ್ರಾಣದಾಳಗಳು ೫, ವೇಗ ೧೮ ಅಂಗುಲ, ಶರೀರಕ್ಕೆ ಮಾಡುವ ಹಾನಿ ಏನೂ ಇಲ್ಲ. ಅದರ ಮೀಸೆಗಳು ಸೋಕಿದರೆ ಲೋಹವು ತುಕ್ಕು ಹಿಡಿದು ಉದುರುತ್ತದೆ. ಆ ತುಕ್ಕೇ ಅದರ ಆಹಾರ. ಪೂರ್ಣಕವಚ ತೊಟ್ಟವನ ವೇಗವು ೬ ಅಂಗುಲ ಮಾತ್ರ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಯಾವನ ಮೈಮೇಲೆ ಹೆಚ್ಚು ಲೋಹವಿದೆಯೋ ಅವನಿಗಿಂತ ಈ ಪ್ರಾಣಿಯು ಮೂರುಪಟ್ಟು ವೇಗವಾಗಿ ಓಡುತ್ತದೆ. ಪ್ರಾಣಹಾನಿಯನ್ನು ಕೊಡದೆ ಆಟಗಾರರಲ್ಲಿ ಪ್ರಾಣಭಯಕ್ಕೆ ಸಮನಾದ ಭಯವನ್ನುಂಟುಮಾಡುವ ಈ ಉಪಾಯವು ಬೊಂಬೆಯ ಸಾಧುತನದಿಂದಲೇ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ.

ಗೂಬೆಕರಡಿಯಲ್ಲಿ ಓದುವ ಕ್ರಮವು ಇನ್ನೂ ನೇರವಾದುದು. ದರ್ಜೆ ೫, ಪ್ರಾಣದಾಳಗಳು ೫, ಮೇಲೆ ೨, ಹೊಡೆತಗಳು ಮೂರು. ಪಂಜಗಳೆರಡಕ್ಕೆ ಒಂದೊಂದು, ಪ್ರತಿಯೊಂದರ ಹಾನಿ ೧ರಿಂದ ೬. ಕೊಕ್ಕಿಗೆ ಒಂದು, ಅದರ ಹಾನಿ ೨ರಿಂದ ೧೨. ಪಂಜದ ಪೆಟ್ಟು ಬಲವಾಗಿ ಬಿದ್ದರೆ ಕರಡಿಯಂತೆ ಅಪ್ಪಿ ಹಿಸುಕುತ್ತದೆ. ಅದರ ಹಾನಿ ೨ರಿಂದ ೧೬. ಬೊಂಬೆಯಲ್ಲಿ ಕಾಣುವ ಆಯುಧಕ್ಕೆ ಒಂದೊಂದು ಅಂಕಿ. ಕಾಣದ ಶಕ್ತಿ ಯಾವುದೂ ಇಲ್ಲ.

ಬುಲೇ ಎಂಬುದು ಚಿಪ್ಪಿನ ಮೈಯುಳ್ಳ, ಬೆನ್ನಿನಲ್ಲಿ ರೆಕ್ಕೆಯಂತಹ ಏಣುಳ್ಳ ಪ್ರಾಣಿ. ನೆಲದೊಳಗೆ ಸುರಂಗ ಕೊರೆದುಕೊಂಡು ಬರುವಾಗ ಆ ಏಣು ಮಾತ್ರ ಕಾಣುವುದರಿಂದ ಇದಕ್ಕೆ ನೆಲದ ಶಾರ್ಕ್ ಎಂಬ ಅಡ್ಡಹೆಸರೂ ಬಂದಿತು. ಪ್ರಾಣದಾಳಗಳು ೯, ಕಚ್ಚಿದರೆ ಹಾನಿ ೪ರಿಂದ ೪೮. ಇದರ ಕವಚದ ದರ್ಜೆ ಒಂದಲ್ಲ, ಮೂರು: ಚಿಪ್ಪಿನ ಮೇಲೆ ಸೊನ್ನೆಗಿಂತಲೂ ಎರಡು ಕಡಮೆ, ಕಣ್ಣಿಗೆ ೪, ಏಣಿನ ಕೆಳಗಣ ಮೆತ್ತನೆಯ ಭಾಗಕ್ಕೆ ೬. ಬೊಂಬೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಭಾಗಭಾಗಕ್ಕೂ ಅಂಕಿಯನ್ನು ಬರೆದಂತೆ ಇದು ತೋರುತ್ತದೆ.

೬

ಇಲ್ಲಿ ಆಧಾರಗಳ ಬೆಲೆಯನ್ನು ಕುರಿತು ಒಂದು ಮಾತು ಅವಶ್ಯಕ. ಬೊಂಬೆಯೇ ಮೊದಲೆಂಬುದಕ್ಕೆ ಮುಖ್ಯ ಸಾಕ್ಷ್ಯವು ಗೈಗ್ಯಾಕ್ಸ್ ಮತ್ತು ಕ್ಯಾಸ್ಕರು ವರ್ಷಗಳು ಕಳೆದ ಮೇಲೆ ಹೇಳಿದ ಮಾತುಗಳು. ಸ್ವಂತ ಸೃಷ್ಟಿಯ ವಿಷಯದಲ್ಲಿ ಕರ್ತೃವಿನ ನೆನಪನ್ನು ಪರೀಕ್ಷಿಸದೆ ಒಪ್ಪುವುದು ಚರಿತ್ರಕಾರನಿಗೆ ತಕ್ಕುದಲ್ಲ. ಗೈಗ್ಯಾಕ್ಸ್ ೨೦೦೮ರಲ್ಲಿಯೂ ಆರ್ನೆಸನ್ ೨೦೦೯ರಲ್ಲಿಯೂ ತೀರಿಕೊಂಡರು; ೨೦೧೨ರಲ್ಲಿ ಪ್ರಕಟವಾದ ಜಾನ್ ಪೀಟರ್‌ಸನ್‌ರ ‘ಪ್ಲೇಯಿಂಗ್ ಅಟ್ ದಿ ವರ್ಲ್ಡ್’ ಎಂಬ ಗ್ರಂಥವು ನೆನಪುಗಳಿಗಿಂತ ಆ ಕಾಲದ ಪತ್ರಿಕೆಗಳಿಗೂ ಕಾಗದಪತ್ರಗಳಿಗೂ ಹೆಚ್ಚು ಬೆಲೆಕೊಟ್ಟುದು ಸರಿಯಾದ ಮಾರ್ಗ.

ಗ್ರಂಥದ ಒಳಗೇ ಸಾಕ್ಷ್ಯವುಂಟೇ? ಗೂಬೆಕರಡಿಯ ವಿಷಯದಲ್ಲಿ ಅದು ದುರ್ಬಲ. ಎರಡು ಪಂಜ, ಒಂದು ಕೊಕ್ಕು ಎಂಬುದನ್ನು ಬೊಂಬೆಯಿಲ್ಲದೆ ಹೆಸರಿನಿಂದಲೇ ಊಹಿಸಬಹುದು. ತುಕ್ಕುಪ್ರಾಣಿಯ ವಿಷಯದಲ್ಲಿ ಅದು ಪ್ರಬಲ. ಪ್ರಾಣಿಕೋಶದ ಚಿತ್ರದಲ್ಲಿ ಆ ಪ್ರಾಣಿಯ ಬಾಲದ ತುದಿಯು ಪ್ರೊಪೆಲರಿನಂತೆ ಎರಡು ಕಡೆಗೆ ಚಾಚಿದೆ. ನಿಯಮದಲ್ಲಿ ಆ ಬಾಲಕ್ಕೆ ಯಾವ ಕೆಲಸವೂ ಇಲ್ಲ. ಲೋಹವನ್ನು ತಿನ್ನುವ ಪ್ರಾಣಿಯೊಂದನ್ನು ಮೊದಲು ಮನಸ್ಸಿನಲ್ಲಿ ಕಲ್ಪಿಸಿಕೊಂಡವನು ಅದಕ್ಕೆ ನಿಷ್ಪ್ರಯೋಜಕವಾದ ಇಂತಹ ಬಾಲವನ್ನು ಕೊಡುವ ಸಂಭವವಿಲ್ಲ. ಹಸ್ತಪ್ರತಿಗಳನ್ನು ಪರಿಷ್ಕರಿಸುವಾಗ, ಅರ್ಥಕ್ಕೆ ಹೊಂದದೆ ಉಳಿದ ಅಕ್ಷರವೇ ಮೂಲಪ್ರತಿಯ ಸುಳಿವನ್ನು ಕೊಡುವುದುಂಟು. ಹಾಗೆಯೇ ಇಲ್ಲಿ ಅಂಕಿಯಿಲ್ಲದ ಬಾಲವು ಹಾಂಗ್‌ಕಾಂಗಿನ ಅಚ್ಚಿಗೆ ಸಾಕ್ಷಿಯಾಗಿ ಉಳಿದಿದೆ.

೭

ಪ್ರಾಣಿಕೋಶವು ಅಚ್ಚಾದ ಮೇಲೆ ಪ್ರವಾಹವು ದಿಕ್ಕನ್ನು ಬದಲಿಸಿತು. ೩೫೦ಕ್ಕೂ ಮಿಕ್ಕ ಪ್ರಾಣಿಗಳ ಅಂಕಿಗಳೂ, ಸದರ್‌ಲ್ಯಾಂಡ್, ಟ್ರಾಂಪಿಯರ್ ಮೊದಲಾದವರು ಬರೆದ ಚಿತ್ರಗಳೂ ಒಂದೆಡೆ ಸೇರಿದುದರಿಂದ ಗ್ರಂಥವೇ ಪ್ರಮಾಣವಾಯಿತು. ೧೯೮೦ರಲ್ಲಿ ಗ್ರೆನೇಡಿಯರ್ ಎಂಬ ಸಂಸ್ಥೆಯು ಅಧಿಕೃತವಾದ ಅನುಮತಿಯನ್ನು ಪಡೆದು, ಗ್ರಂಥದ ಪ್ರಾಣಿಗಳಿಗೆ ತಕ್ಕಂತೆ ಲೋಹದ ಬೊಂಬೆಗಳನ್ನು ಎರಕಹೊಯ್ದಿತು. ಶಿಲ್ಪಿಯು ಮತ್ತೆ ಶ್ಲೋಕವನ್ನು ಅನುಸರಿಸತೊಡಗಿದನು. ೨೦೦೩ರಲ್ಲಿ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಸಂಸ್ಥೆಯು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಬೊಂಬೆಗಳನ್ನು ಮಾರಾಟಕ್ಕೆ ತಂದಾಗ ಪ್ರತಿ ಬೊಂಬೆಯೊಡನೆಯೂ ಅದರ ಅಂಕಿಗಳುಳ್ಳ ಒಂದು ಚೀಟಿಯಿತ್ತು. ಬೊಂಬೆಯೂ ಲಕ್ಷಣವೂ ಒಂದೇ ಪೊಟ್ಟಣದಲ್ಲಿ ಬಂದವು.

ಆದರೂ ಹಳೆಯ ಪದ್ಧತಿಯು ಅಳಿಯಲಿಲ್ಲ. ಅದಕ್ಕೆ ಕಾರಣ ಮತ್ತೆ ಅಂಗಡಿಯೇ. ಆ ಪೊಟ್ಟಣಗಳೊಳಗೆ ಯಾವ ಬೊಂಬೆಯಿದೆಯೆಂಬುದು ಕೊಳ್ಳುವವನಿಗೆ ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಬೇಕಾದುದು ಬಾರದೆ ಬೇಡವಾದುದು
ಬಂದು ಗೂಡಿನಲ್ಲಿ ಸೇರುತ್ತಿತ್ತು. ಇದ್ದ ಬೊಂಬೆಗೆ ಹೊಂದುವ ಅಂಕಿಗಳನ್ನು ತಾನೇ ಬರೆದುಕೊಳ್ಳುವುದು ಸೂತ್ರಧಾರನಿಗೆ ಸಹಜವಾದ ಮಾರ್ಗವಾಯಿತು. ೨೦೧೪ರಲ್ಲಿ ಪ್ರಕಟವಾದ ಸೂತ್ರಧಾರನ ಕೈಪಿಡಿಯು ಇದಕ್ಕೆ ಒಂದು ಶಾಸ್ತ್ರವನ್ನೇ ಒದಗಿಸಿತು: ಪ್ರಾಣಿಯ ರಕ್ಷಣಾಬಲಕ್ಕೆ ಒಂದು ದರ್ಜೆ, ಆಕ್ರಮಣಬಲಕ್ಕೆ ಮತ್ತೊಂದು ದರ್ಜೆ, ಎರಡರ ಸರಾಸರಿಯೇ ಅದು ಒಡ್ಡುವ ಸವಾಲಿನ ಅಳತೆ. ಗೈಗ್ಯಾಕ್ಸ್ ಕಣ್ಣಳತೆಯಿಂದ ಮಾಡಿದುದನ್ನು ಇಲ್ಲಿ ಕೋಷ್ಟಕದಿಂದ ಮಾಡುತ್ತಾರೆ.

ಈ ಕೆಲಸದ ಕ್ರಮವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಸೂತ್ರಧಾರನ ಬಳಿ ನಾಲ್ಕು ಮುಂಗಾಲುಗಳುಳ್ಳ ಕರಡಿಯ ಬೊಂಬೆಯೊಂದು ಇದೆಯೆನ್ನೋಣ. ಗ್ರಂಥದಲ್ಲಿ ಅಂತಹ ಪ್ರಾಣಿಯಿಲ್ಲ. ಅವನು ಗೂಬೆಕರಡಿಯ ಅಂಕಿಗಳನ್ನು ಎರವಲು ಪಡೆಯುತ್ತಾನೆ. ಎರಡು ಪಂಜಗಳ ಹಾನಿ ತಲಾ ೧ರಿಂದ ೬. ಸರಾಸರಿ ಒಂದಕ್ಕೆ ಮೂರೂವರೆ, ಎರಡೂ ತಗುಲಿದರೆ ೭. ಪಂಜಗಳು ನಾಲ್ಕಾದಾಗ ಅದೇ ಹಾನಿಯನ್ನು ಉಳಿಸಿಕೊಂಡರೆ ಮೊತ್ತವು ೧೪ ಆಗಿ ಆಟಗಾರರ ಮೇಲೆ ಅನ್ಯಾಯವಾದೀತು. ಪ್ರತಿ ಪಂಜದ ಹಾನಿಯನ್ನು ೧ರಿಂದ ೩ಕ್ಕೆ ಇಳಿಸಿದರೆ ಸರಾಸರಿ ೨, ನಾಲ್ಕಕ್ಕೆ ೮. ಬಲವು ಹೆಚ್ಚುಕಡಮೆ ಮೊದಲಿನಷ್ಟೇ. ಬೊಂಬೆಯ ನಾಲ್ಕು ಕೈಗಳಿಗೂ ಕೆಲಸ ದೊರೆಯಿತು.

ಇಲ್ಲಿ ಅನ್ಯಾಯವೆಂಬ ಶಬ್ದವನ್ನು ನಾವು ಸುಮ್ಮನೆ ಬಳಸಿಲ್ಲ. ಲಕ್ಷಣಾಂಕಗಳು ಸೂತ್ರಧಾರನ ಹಾಳೆಯಲ್ಲಿ ಮರೆಯಾಗಿರುತ್ತವೆ. ಆಟಗಾರನಿಗೆ ಕಾಣುವುದು ಬೊಂಬೆ ಮಾತ್ರ. ಓಡಬೇಕೋ ಕಾದಬೇಕೋ ಎಂಬುದನ್ನು ಅವನು ಆ ಆಕಾರದಿಂದಲೇ ತೀರ್ಮಾನಿಸಬೇಕು. ಆದುದರಿಂದ ಮೇಜಿನ ಮೇಲೆ ಇಟ್ಟ ಬೊಂಬೆಯು ಕೊಟ್ಟ ಮಾತಿನಂತೆ. ಕೋರೆಗಳನ್ನು ತೋರಿಸಿ ಕಚ್ಚದ ಪ್ರಾಣಿಯೂ, ಮೆತ್ತಗೆ ಕಂಡು ಕಾರಣವಿಲ್ಲದೆ ಕೊಲ್ಲುವ ಪ್ರಾಣಿಯೂ ಆ ಮಾತಿಗೆ ತಪ್ಪುತ್ತವೆ. ತುಕ್ಕುಪ್ರಾಣಿಯೂ ಮೋಸವೇ ಅಲ್ಲವೇ ಎಂದು ಕೇಳಬಹುದು. ಅಲ್ಲವೆಂದೇ ನಮ್ಮ ಉತ್ತರ. ಅದರ ಮೀಸೆಗಳು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಚಾಚಿಕೊಂಡಿವೆ; ಅವು ಏತಕ್ಕೆಂದು ಕೇಳುವ ಅವಕಾಶವು ಆಟಗಾರನಿಗೆ ಇದ್ದೇ ಇದೆ. ಆಕಾರದಲ್ಲಿ ಸುಳಿವನ್ನು ಇಟ್ಟು ಅಚ್ಚರಿಗೊಳಿಸುವುದು ಬೇರೆ, ಸುಳಿವಿಲ್ಲದೆ ವಂಚಿಸುವುದು ಬೇರೆ.

೮

ಕೊನೆಯದಾಗಿ, ಒಡೆತನದ ಪ್ರಶ್ನೆ. ಈ ಆಟದ ಪ್ರಾಣಿಗಳಿಗೆ ಮೂಲಗಳು ಹಲವು. ಗ್ರಿಫಿನ್, ಸೆಂಟಾರ್ ಮುಂತಾದವು ಪ್ರಾಚೀನ ಪುರಾಣಗಳವು. ಅವುಗಳ ಮೇಲೆ ಯಾರ ಹಕ್ಕೂ ಇಲ್ಲ. ಹಾಬಿಟ್, ಎಂಟ್ ಮೊದಲಾದವು ಟೋಲ್ಕಿನ್‌ನ ಕಾದಂಬರಿಗಳವು. ಹಕ್ಕುದಾರರು ೧೯೭೭ರಲ್ಲಿ ಆಕ್ಷೇಪಿಸಿದ ಮೇಲೆ ಆ ಹೆಸರುಗಳನ್ನು ತೆಗೆದು ಬೇರೆ ಹೆಸರುಗಳನ್ನು ಇಡಬೇಕಾಯಿತು. ಬೊಂಬೆಯಿಂದ ಬಂದ ಪ್ರಾಣಿಗಳ ಪರವಾಗಿ ಆಕ್ಷೇಪಿಸಲು ಯಾರೂ ಬರಲಿಲ್ಲ. ಅಚ್ಚನ್ನು ಕೊರೆದವರಿಗೆ ತಮ್ಮ ಬೊಂಬೆಯು ಸಾಗರದಾಚೆಯ ಗ್ರಂಥವೊಂದರಲ್ಲಿ ಪ್ರಾಣಪಡೆದ ಸುದ್ದಿಯಾದರೂ ಮುಟ್ಟುವ ಮಾರ್ಗವಿರಲಿಲ್ಲ.

೨೦೦೦ದಲ್ಲಿ ಪ್ರಕಾಶಕರು ಆಟದ ನಿಯಮಗಳ ಒಂದು ಭಾಗವನ್ನು ಇತರರೂ ಬಳಸಬಹುದೆಂದು ಅನುಮತಿಯಿತ್ತಾಗ ಕೆಲವು ಪ್ರಾಣಿಗಳನ್ನು ತಮ್ಮ ವಿಶೇಷ ಸ್ವತ್ತೆಂದು ಬೇರೆಯಾಗಿ ಇರಿಸಿಕೊಂಡರು. ತುಕ್ಕುಪ್ರಾಣಿ, ಗೂಬೆಕರಡಿ, ಬುಲೇ ಎಂಬ ಮೂರೂ ಆ ಮೀಸಲಿನಲ್ಲಿ ಸೇರಲಿಲ್ಲ. ೨೦೨೩ರ ಜನವರಿಯಲ್ಲಿ ನಿಯಮಗಳ ಆಧಾರಗ್ರಂಥವನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿಯಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗಲೂ ಈ ಮೂರು ಪ್ರಾಣಿಗಳು ಅದರಲ್ಲಿದ್ದವು. ಹೆಸರಿಲ್ಲದವರ ಕೈಯಿಂದ ಬಂದುದು ಹೀಗೆ ಎಲ್ಲರ ಕೈಗೂ ಹೋಯಿತು. ಆ ಪರವಾನಗಿಯ ಷರತ್ತು, ಬಳಸುವವನು ಮೂಲವನ್ನು ಹೆಸರಿಸಬೇಕು ಎಂಬುದು, ಹೆಸರಿಸಬೇಕಾದುದು ಪ್ರಕಾಶಕರನ್ನು.

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಯುದ್ಧದ ಆಟದಲ್ಲಿ ನಿಜವಾದ ಸೈನ್ಯವು ವಹಿಸುತ್ತಿದ್ದ ಸ್ಥಾನವನ್ನು ಕಲ್ಪನೆಯ ಆಟದಲ್ಲಿ ಬೊಂಬೆಯು ವಹಿಸಿತು. ಅಂಕಿಗಳಿಗೆ ಆಧಾರವಾಗಿ ಕಣ್ಣಿಗೆ ಕಾಣುವ ವಸ್ತುವೊಂದು ಬೇಕಾಗಿತ್ತು, ಅಗ್ಗದ ಅಂಗಡಿಯು ಅದನ್ನು ಒದಗಿಸಿತು. ಎರಡನೆಯದಾಗಿ, ಇಂತಹ ಸೃಷ್ಟಿಯಲ್ಲಿ ಕರ್ತೃಗಳು ಇಬ್ಬರು: ಆಕಾರವನ್ನು ಕೊಟ್ಟವನೊಬ್ಬ, ಅದನ್ನು ಓದಿ ಲಕ್ಷಣವನ್ನು ಬರೆದವನೊಬ್ಬ. ಗ್ರಂಥಗಳು ಎರಡನೆಯವನ ಹೆಸರನ್ನು ಮಾತ್ರ ಉಳಿಸಿವೆ. ಮೊದಲನೆಯವನ ಕೈಗುರುತನ್ನು ಹುಡುಕುವವರು ಗ್ರಂಥದ ಮುಖಪುಟವನ್ನಲ್ಲ, ಯಾವ ಅಂಕಿಯೂ ಇಲ್ಲದ ಆ ಬಾಲವನ್ನು ನೋಡಬೇಕು.